ಗೋಡೆಯಾಚೆಯ ಸುತ್ತಿಗೆ

"ಶುರುವಾಯ್ತು ನೋಡಿ!" ಸಬೊಹತ್ ಚಹಾದ ಕೆಟಲನ್ನು ನೆಲಕ್ಕೆ ಕುಕ್ಕಿದಳು.

ಗೋಡೆಯಾಚೆ ತಗಡಿನ ಮೇಲೆ ಸುತ್ತಿಗೆ ಬೀಳತೊಡಗಿತ್ತು. ಠಣ್, ಠಣ್, ಠಣ್. ಒಳಗೆ ಕೂತವರು ಹಾಡಿನ ಮೊದಲ ಸಾಲು ಎತ್ತಿದ್ದರಷ್ಟೇ. ಅವರ ನಡುವೆ ಪುಲಾವ್, ರೊಟ್ಟಿ, ಒಣದ್ರಾಕ್ಷಿ, ಮೇಣದಬತ್ತಿ ಚುಚ್ಚಿದ ಕೇಕು. ಯಾರಾದರೂ ಬಾಗಿಲು ತಟ್ಟಿದರೆ ಇದು ಹುಟ್ಟುಹಬ್ಬ. ಫರ್ಗಾನಾ ಕಣಿವೆಯ ಆ ಊರಿನಲ್ಲಿ ಪರವಾನಗಿಯಿಲ್ಲದೆ ಯೇಸುವಿಗೆ ಹಾಡಿದರೆ ಜೈಲು. ಹುಟ್ಟುಹಬ್ಬಕ್ಕೆ ಸದ್ಯ ಯಾರನ್ನೂ ಜೈಲಿಗೆ ಹಾಕಿರಲಿಲ್ಲ.

"ಈ ವರ್ಷ ನಾನು ಇನ್ನೆಷ್ಟು ಸಲ ಹುಟ್ಟಬೇಕಮ್ಮಾ?" ಸಭೆ ನಡೆಸುವ ಮುದುಕಿ ವೆರಾ ಖೆಗಾಯ್ ನಕ್ಕಳು.

ಸಬೊಹತ್‌ಗೆ ನಗು ಬರಲಿಲ್ಲ. ಆಚೆ ಬಡಿಯುತ್ತಿದ್ದವನು ಅವಳ ಒಡಹುಟ್ಟಿದ ಅಣ್ಣ ತುರ್ಗುನ್.

ಅಪ್ಪನಿಲ್ಲದ ಮನೆಯಲ್ಲಿ ಅವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಅವನೇ. ಅವಳು ದೀಕ್ಷಾಸ್ನಾನ ಪಡೆದ ಸುದ್ದಿ ಹಬ್ಬಿದಾಗ, ಮೊಹಲ್ಲಾದ ಹಿರಿಯರೆದುರು "ನನಗೆ ತಂಗಿಯೇ ಇಲ್ಲ" ಎಂದುಬಿಟ್ಟ. ಒಂದೇ ಅಂಗಳದ ನಡುವೆ ಮಣ್ಣಿನ ಗೋಡೆ ಎದ್ದಿತು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಭಾನುವಾರದ ಸುತ್ತಿಗೆ ಮಾತ್ರ.

ಅಬ್ಬಾ, ಅದೆಂಥ ಹಗೆ! ಕಣ್ಣಿಗೆ ಪೊರೆ ಬಂದು ಅವನು ತಗಡಿನ ಕಸುಬು ಬಿಟ್ಟು ಎಷ್ಟೋ ಕಾಲವಾಗಿತ್ತು. ವಾರವಿಡೀ ಅವನ ಷೆಡ್ಡು ತೆಪ್ಪಗಿರುತ್ತಿತ್ತು. ಸಭೆ ಬೇರೆಯವರ ಮನೆಯಲ್ಲಿ ಸೇರಿದ ಭಾನುವಾರವೂ ತೆಪ್ಪಗೇ. ಇಲ್ಲಿ ಹಾಡೆತ್ತಿದರೆ ಸಾಕು, ಠಣ್! ಪ್ರಾರ್ಥನೆಗೆ ಇವರು ಮೌನವಾಗಿ ತಲೆಬಾಗಿಸಿದಾಗ ಅವನೂ ನಿಲ್ಲಿಸುತ್ತಿದ್ದ. ಮುದುಕ ಸುಧಾರಿಸಿಕೊಳ್ಳುತ್ತಿದ್ದಾನೆ ಎಂದು ಸಬೊಹತ್ ಹಲ್ಲು ಕಡಿಯುತ್ತಿದ್ದಳು.

ಅನುಮಾನ ಗಟ್ಟಿಯಾದದ್ದು ಹೋದ ವಸಂತದಲ್ಲಿ. ತುರ್ಗುನ್ ನೆಂಟರ ಮದುವೆಗೆಂದು ಬೇರೆ ಊರಿಗೆ ಹೋಗಿದ್ದ. ಪೊಲೀಸರು ಒಳನುಗ್ಗಿದ್ದು ಆ ಭಾನುವಾರವೇ. ಹಾಡಿನ ಪುಸ್ತಕಗಳನ್ನು ಬಾಚಿಕೊಂಡು, ವೆರಾಳನ್ನು ಎಳೆದೊಯ್ದರು. ಬಿಡುಗಡೆಯಾಗಿ ಬಂದ ಅವಳ ಎದೆಯಲ್ಲಿ ಕೆಮ್ಮು ಗೂಡು ಕಟ್ಟಿತ್ತು.

"ಚಾಡಿ ಹೇಳಿ ತಾನು ಮೆಲ್ಲಗೆ ಜಾರ್ಕೊಂಡ" ಎಂದಳು ಸಬೊಹತ್.

"ನೀನು ಕಂಡ್ಯಾ?" ಎಂದಳು ವೆರಾ.

"ಕಾಣ್ಬೇಕೇನಕ್ಕಾ? ಅದೊಂದೇ ಭಾನುವಾರ ಅವನು ಇರ್ಲಿಲ್ಲ!"

ಚಳಿ ಶುರುವಾಗುವ ಹೊತ್ತಿಗೆ ಅತ್ತಿಗೆ ಆಯ್ದಿನ್ ಗೋಡೆಯ ಬಳಿ ಬಂದು ಪಿಸುಗುಟ್ಟಿದಳು. "ನಿಮ್ಮಣ್ಣ ಹಾಸಿಗೆ ಹಿಡಿದಿದ್ದಾರೆ ಕಣೇ. ಬಾಯ್ಬಿಟ್ಟು ಹೇಳಲ್ಲ, ಆದ್ರೆ ಕಣ್ಣೆಲ್ಲಾ ಬಾಗಿಲ ಕಡೆಗೇ. ಒಂದ್ಸಲ ಬಂದು ಮುಖ ತೋರ್ಸು."

ಸಬೊಹತ್‌ಳ ಕಾಲು ತಾನಾಗಿ ಗೋಡೆಯತ್ತ ಸರಿಯಿತು. ಆದರೂ ಹಟ ಬಿಡಲಿಲ್ಲ. "ಈ ಭಾನುವಾರ ಸುತ್ತಿಗೆ ಮುಟ್ಟದೆ ಇರ್ಲಿ ಅತ್ತಿಗೆ. ಸೋಮವಾರ ಓಡ್ಬರ್ತೀನಿ."

ಆಯ್ದಿನ್ ಏನೋ ಹೇಳಲು ಬಾಯಿ ತೆರೆದಳು. ಹಿಂತಿರುಗಿ ಮನೆಯತ್ತ ನೋಡಿ ಮುಚ್ಚಿಕೊಂಡಳು.

ಶನಿವಾರ ಸಬೊಹತ್ ಕುಂಬಳಕಾಯಿ ತುಂಬಿದ ಸಮೋಸಗಳನ್ನು ತಂದೂರಿನಲ್ಲಿ ಬೇಯಿಸಿದಳು. ಅಣ್ಣನಿಗೆ ಅದೆಂದರೆ ಪ್ರಾಣ. ಮರುದಿನ ಹಾಡು ಎತ್ತುವಾಗ ಅವಳ ಕಿವಿಯೆಲ್ಲ ಗೋಡೆಯ ಮೇಲೆಯೇ. ದೇವರೇ, ಇದೊಂದು ದಿನ ಬೇಡ ಎಂದು ಬೇಡಿಕೊಂಡಳು.

ಠಣ್.

ಏಟಿಗೂ ಏಟಿಗೂ ನಡುವೆ ಆಚೆಯಿಂದ ಕೆಮ್ಮು. ಸುತ್ತಿಗೆ ಎತ್ತಲು ತ್ರಾಣವಿಲ್ಲದವನ ಬಡಿತ ಅದು. ಆದರೂ ಬಡಿದ. ಅವಳು ಸಮೋಸಗಳನ್ನು ಸಭೆಗೆ ಹಂಚಿಬಿಟ್ಟಳು, ತಾನೊಂದನ್ನೂ ಬಾಯಿಗಿಡಲಿಲ್ಲ. ಸೋಮವಾರ ಹೋಗಲಿಲ್ಲ.

ಗುರುವಾರ ಅಣ್ಣ ತೀರಿಕೊಂಡ.

ಅಳುತ್ತ ಓಡಿದವಳನ್ನು ಮೊಹಲ್ಲಾದ ಹಿರಿಯರು ಬಾಗಿಲಲ್ಲೇ ತಡೆದರು. "ನಿನಗೇನು ಕೆಲಸ ಇಲ್ಲಿ? ಅವನಿಗೆ ತಂಗಿ ಇರ್ಲಿಲ್ಲ. ಅವನೇ ಹೇಳಿದ್ದು." ಒಳಗಿಂದ ಹೆಂಗಸರ ರೋದನ ಕೇಳುತ್ತಿತ್ತು. ಅವಳು ತನ್ನ ಅಂಗಳಕ್ಕೆ ಬಂದು ಗೋಡೆಗೆ ಹಣೆಯಾನಿಸಿ, ಒಬ್ಬಳೇ ಅತ್ತಳು. ಶವ ಹೊತ್ತವರ ಹೆಜ್ಜೆ ಸದ್ದು ಬೀದಿಯಲ್ಲಿ ದೂರವಾಯಿತು.

ಭಾನುವಾರ ಸಭೆ ಸೇರಿತು.

"ಇನ್ಮೇಲೆ ನೆಮ್ಮದಿಯಾಗಿ ಹಾಡ್ಬಹುದು" ಎಂದಳು ಸಬೊಹತ್. ಗೋಡೆಗೆ ಬೆನ್ನು ಹಾಕಿ ಕೂತಳು.

ವೆರಾ ಅವಳ ಕೈ ಹಿಡಿದುಕೊಂಡು ಹಾಡು ಎತ್ತಿದಳು. ಎಲ್ಲರೂ ಸೇರಿದರು. ಎರಡನೇ ಚರಣಕ್ಕೆ ಬಂದಿರಲಿಲ್ಲ, ಬೀದಿಯಲ್ಲಿ ಯಾವುದೋ ಬಾಗಿಲು ಕಿರುಗುಟ್ಟಿತು.

"ಯಾರ್ರೀ ಅದು ಹಾಡ್ತಿರೋದು? ಯಾವ ಮನೆ?" ಗಂಡಸಿನ ದನಿ. ವೆರಾಳ ಮುಖ ಬಿಳಿಚಿತು. ಹಾಡು ಗಕ್ಕನೆ ನಿಂತಿತು.

ಆಗ ಗೋಡೆಯಾಚೆ, ಠಣ್, ಠಣ್, ಠಣ್.

ಸಬೊಹತ್ ದಡಬಡಿಸಿ ಎದ್ದಳು. ಅಂಗಳದ ಗೋಡೆ ಹತ್ತಿಳಿದು ಅಣ್ಣನ ಷೆಡ್ಡಿಗೆ ಓಡಿದಳು. ಬಕೆಟ್ಟಿಲ್ಲ, ಕೊಳವೆಯಿಲ್ಲ, ಮಾಡಿಟ್ಟ ಒಂದು ಡಬ್ಬಿಯೂ ಇಲ್ಲ. ಇದ್ದದ್ದು ಒಂದೇ ತಗಡು. ಬಡಿದು ಬಡಿದು ಹಳೇ ಬಟ್ಟೆಯಂತೆ ಸವೆದು ತೂತುಬಿದ್ದಿತ್ತು. ಅದರ ಮುಂದೆ ಸೂತಕದ ನೀಲಿ ಬಟ್ಟೆಯಲ್ಲಿ ಆಯ್ದಿನ್. ಎರಡೂ ಕೈಯಲ್ಲಿ ಸುತ್ತಿಗೆ ಹಿಡಿದಿದ್ದಳು. ಕಣ್ಣೀರು ಧಾರಾಕಾರ. ಸುತ್ತಿಗೆ ಮಾತ್ರ ನಿಲ್ಲಲಿಲ್ಲ.

"ಇಲ್ಯಾಕೆ ಬಂದೆ? ಹೋಗು, ಹಾಡ್ರಿ" ಎಂದಳು. "'ಭಾನುವಾರ ಮರೀಬೇಡ, ನನ್ ತಂಗಿ ಹಾಡು ಬೀದಿಗೆ ಕೇಳಿಸ್ಬಾರ್ದು' ಅಂದ್ಕೊಂಡೇ ಪ್ರಾಣ ಬಿಟ್ರು ಕಣೇ ನಿಮ್ಮಣ್ಣ."