ಕಾಲು ಮುರಿದ ಅದೃಷ್ಟ

ಶುಕ್ರವಾರದ ಫುಟ್‌ಬಾಲ್ ಪಂದ್ಯದಲ್ಲಿ, ಚಿಯರ್‌ಲೀಡರ್ ಹುಡುಗಿಯರು ಒಬ್ಬರ ಮೇಲೊಬ್ಬರು ನಿಂತು ಕಟ್ಟಿದ ಗೋಪುರದ ತುದಿಯಿಂದ ಬಿದ್ದು ಕೆಲ್ಸಿ ಕಾಲು ಮುರಿದುಕೊಂಡಳು. ಆಪರೇಷನ್ ಮುಗಿಸಿ ಮನೆಗೆ ಕರೆತಂದಾಗ ಅವಳಪ್ಪ ವೆಂಡೆಲ್‌ನ ಮುಖ ನೋಡಬೇಕಿತ್ತು, ಲಾಟರಿ ಹೊಡೆದವನ ಹಾಗಿತ್ತು.

ಅದಕ್ಕೆ ಕಾರಣವಿತ್ತು. ಅವನ ಕಾರ್ಖಾನೆ ಕೊಟ್ಟ ವಿಮೆಯಲ್ಲಿ ವರ್ಷದ ಆಸ್ಪತ್ರೆ ಖರ್ಚಿನ ಮೊದಲ ಆರು ಸಾವಿರ ಡಾಲರ್ ಮನೆಯವರದೇ. ಅದು ದಾಟಿದರೆ ಮಿಕ್ಕದ್ದು ವಿಮೆಯವರದು. ಜನವರಿಗೆ ಮತ್ತೆ ಸೊನ್ನೆಯಿಂದ ಲೆಕ್ಕ. ‘ನಿಮ್ಮ ದುಡ್ಡಾದರೆ ನೋಡಿ ಖರ್ಚು ಮಾಡುತ್ತೀರಿ’ ಎಂದಿದ್ದರು ಕಾರ್ಖಾನೆಯವರು. ಎಷ್ಟು ನೋಡಿದರೆಂದರೆ, ಆ ಮನೆಯವರು ಡಾಕ್ಟರ ಬಾಗಿಲು ತುಳಿದು ವರ್ಷಗಳೇ ಆಗಿದ್ದವು. ಈಗ ಕೆಲ್ಸಿಯ ಕಾಲೊಂದೇ ಆರು ಸಾವಿರ ನುಂಗಿ ಹಾಕಿತ್ತು.

"ಡಿಸೆಂಬರ್ ಮುಗಿಯೋವರೆಗೂ ಎಲ್ಲಾ ಪುಕ್ಕಟೆ. ಗಾಳಿ ಬಂದಾಗ ತೂರ್ಕೋಬೇಕು," ಎಂದ ವೆಂಡೆಲ್. "ಮುಂದಿನ ವಾರಾನೇ ನನ್ನ ಮಂಡಿ ತೋರಿಸ್ತೀನಿ."

"ಹಾಗೇ ಆ ಗೊರಕೇನೂ ತೋರ್ಸಪ್ಪ," ಎಂದಳು ಸೋಫಾದ ಮೇಲಿದ್ದ ಕೆಲ್ಸಿ.

"ತೋರ್ಸೋಣ. ನಿನ್ನ ಕಾಲಿಗೆ ಅಡ್ಡಬೀಳಬೇಕು ಕಣೇ ನಾವೆಲ್ಲ." ಅವಳ ಪ್ಲಾಸ್ಟರ್ ಮೇಲೆ ಪೆನ್ನಿನಿಂದ ದಪ್ಪಗೆ ‘ಥ್ಯಾಂಕ್ಸ್’ ಎಂದು ಬರೆದ. ಆಮೇಲೆ ಅಡುಗೆಮನೆಯತ್ತ ತಿರುಗಿ ಹೆಂಡತಿಯನ್ನು ಕೇಳಿದ: "ಡಾರ್ಲಾ, ನಿಂದೇನಾದ್ರೂ ಇದ್ಯಾ?"

ಡಾರ್ಲಾ ಬೀನ್ಸ್ ಸಾರು ಕಲಕುತ್ತಿದ್ದಳು. ಸೌಟು ಕೆಳಗಿಟ್ಟು, ಎಡಗೈ ಎತ್ತಿ ಕಂಕುಳಲ್ಲಿ ಬೆರಳಿಟ್ಟು ತೋರಿಸಿದಳು.

"ಇಲ್ಲೊಂದು ಗಂಟಿದೆ. ಮೊದಲು ಬಟಾಣಿಯಷ್ಟಿತ್ತು. ಈಗ ದೊಡ್ಡದಾಗಿದೆ."

"ಯಾವಾಗಿಂದ?"

"ಫೆಬ್ರವರಿ. ಆಸ್ಪತ್ರೆಗೆ ಫೋನ್ ಮಾಡಿ ಕೇಳ್ದೆ. ಸ್ಕ್ಯಾನು, ಚುಚ್ಚಿ ನೋಡೋದು ಎಲ್ಲಾ ಸೇರಿ ಎರಡು ಸಾವಿರದ ಮೇಲಾಗುತ್ತೆ ಅಂದ್ರು. ಆಗ್ಲೇ ನಿನ್ನ ಟ್ರಕ್ಕಿನ ಗೇರ್‌ಬಾಕ್ಸ್ ಬೇರೆ ಹೋಗಿತ್ತಲ್ಲ. ನೋವೇನೂ ಇರ್ಲಿಲ್ಲ, ಸುಮ್ನಾದೆ."

ವೆಂಡೆಲ್‌ಗೆ ಭಯವಾಯಿತು. ಪೆನ್ನು ಬದಿಗಿಟ್ಟು ಎದ್ದು ನಿಂತ. "ನಾಳೇನೇ ಹೋಗೋಣ," ಎಂದ.

"ಹೋಗೋಣ. ಈಗ ಪುಕ್ಕಟೆ ತಾನೇ," ಎಂದು ಡಾರ್ಲಾ ಮತ್ತೆ ಸೌಟು ಕೈಗೆತ್ತಿಕೊಂಡಳು.

ಕೆಲ್ಸಿ ಪ್ಲಾಸ್ಟರ್ ಮೇಲಿನ ಅಕ್ಷರಗಳನ್ನೇ ನೋಡುತ್ತಿದ್ದಳು.

"ಫೆಬ್ರವರೀಲಿ ಬ್ಯಾಸ್ಕೆಟ್‌ಬಾಲ್ ಪಂದ್ಯ ಇತ್ತಲ್ಲಮ್ಮ, ಅವತ್ತೂ ಗೋಪುರದ ತುದೀಲಿ ನಿಂತಿದ್ದು ನಾನೇ," ಎಂದಳು. "ಅವತ್ತು ಬೀಳ್ಲಿಲ್ಲ."