ಬೆಕ್ಕಿನ ಫೋಟೋದ ಕೆಳಗಿನ ಸಾಲು

ಸೋಮವಾರ ಬೆಳಿಗ್ಗೆ ನೀಲವ್ವ ಮನಸ್ಸಿನ ಚೀಟಿ ಹಂಚಲು ಬಂದಾಗ ನಾನು ಖಾನಾವಳಿಗೆ ರೊಟ್ಟಿ ಬಡಿಯುತ್ತಿದ್ದೆ. ಫೋನಿನಲ್ಲಿ ನಾವು ಹಾಕುವ ಮಾತು, ಫೋಟೋಗಳನ್ನೆಲ್ಲ ಯಂತ್ರ ಓದಿ, ವಾರಕ್ಕೊಮ್ಮೆ ಒಬ್ಬೊಬ್ಬರ ಮನಸ್ಸಿಗೂ ಒಂದು ಬಣ್ಣದ ಚೀಟಿ ಕೊಡುತ್ತದೆ. ಹಸಿರು ಬಂದರೆ ಸರಿ. ಕೆಂಪು ಬಂದರೆ ಮೂರು ತಿಂಗಳು ಆರೈಕೆ ಕೇಂದ್ರದಲ್ಲಿರಬೇಕು, ಕಾಲೇಜಿನ ಒಂದು ವರ್ಷ ಹೋದಂತೆಯೇ.

"ಕಸ್ತೂರಕ್ಕ, ಈ ಸಲ ನಿನ್ನ ಮಗಳು ಅಕ್ಷತಾಗ ಕೆಂಪು ಬಂದೈತಿ."

"ಏನರ ತಪ್ಪಾಗಿರಬೇಕ ಬಿಡು ನೀಲವ್ವ. ಅಕಿ ದಿನಾ ನಗೂ ಮಾತ ಹಾಕ್ತಾಳ. ನಿನ್ನೆ ಬೆಕ್ಕಿನ ಫೋಟೋ ಸೈತ ಹಾಕ್ಯಾಳ."

"ಹಾಕ್ಯಾಳ. ಆದ್ರ ಅದರ ಕೆಳಗಿನ ಒಂದ ಸಾಲನ್ನ ಹದಿನಾಲ್ಕು ಸಲ ಬರ್ದು ಅಳಿಸ್ಯಾಳ. ಯಂತ್ರ ಅದನ್ನೂ ಓದತೈತಿ. ಬರ್ದಾಕಿ ಒಳಗೊಳಗ ಭಾಳ ಅಳಾಕತ್ತಾಳ ಅಂತ ಹೇಳತೈತಿ."

ನನ್ನ ಕೈ ನಿಂತಿತು. ಅಕ್ಷತಾ ಇಪ್ಪತ್ತು ದಿನದಿಂದ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಅವಳಿಗೆ ಹಸಿರು ಉಳಿಯಲೆಂದು ಅವಳ ಹೆಸರಿನಲ್ಲಿ ಆ ನಗುವನ್ನೆಲ್ಲ ಬರೆದವಳು ನಾನು. ಒಂದು ರೊಟ್ಟಿಗೂ ಇನ್ನೊಂದು ರೊಟ್ಟಿಗೂ ನಡುವೆ.

ನೀಲವ್ವ ಒಲೆಯ ಪಕ್ಕದಲ್ಲಿದ್ದ ಮಗಳ ಫೋನನ್ನೂ ಅದಕ್ಕೆ ಮೆತ್ತಿದ್ದ ಜೋಳದ ಹಿಟ್ಟನ್ನೂ ನೋಡಿದಳು. ಅವಳ ದನಿ ತಗ್ಗಿತು. "ಖರೆ ಹೇಳು, ಈ ಕೆಂಪು ಚೀಟಿಗೆ ಯಾರ ಹೆಸರ ಬರೀಲಿ?"

ಮಗಳದು ಎಂದರೆ ಅವಳ ವರ್ಷ ಹೋಗುತ್ತದೆ. ನನ್ನದು ಎಂದರೆ ಅವಳಿಗೆ ತುತ್ತು ಉಣಿಸುವವರು ಯಾರು?

ಗೋಡೆ ಹಿಡಿದುಕೊಂಡು ಅಕ್ಷತಾ ಹೊರಗೆ ಬಂದಳು. ತಲೆ ಬಾಚಿರಲಿಲ್ಲ. ನನಗೆ ಒತ್ತಿಕೊಂಡು ಕುಳಿತಳು.

"ಇಬ್ಬರದೂ ಬರೀರಿ ನೀಲಕ್ಕಾರ," ಎಂದಳು. "ಕೇಂದ್ರದಾಗ ಇಬ್ಬರಿಗೂ ಒಂದ ಖೋಲಿ ಕೊಡ್ತಾರೇನ ಕೇಳ್ರಿ."