ಟೋಪಿಯ ಒಳಪಟ್ಟಿ

ಟೋಪಿ ಮಾವನ ತಲೆಗೆ ಇಳಿಯಲೇ ಇಲ್ಲ. ಕುಂಬಳಕಾಯಿಯ ಮೇಲಿಟ್ಟ ಲೋಟದಂತೆ ನೆತ್ತಿಯ ಮೇಲೆ ಕೂತಿತು.

ಅವತ್ತು ಮಾವನ ಎಂಬತ್ತನೆಯ ಹುಟ್ಟುಹಬ್ಬ. ಅಪ್ಪನಿಗೆ ಹಳೆಯ ದಿನಗಳು ನೆನಪಾಗಲಿ ಎಂದು ಮಗಳೇ ಟ್ರಂಕಿನಿಂದ ಆ ಸಿಪಾಯಿ ಟೋಪಿ ತೆಗೆದು, ಹಿಂದಿನಿಂದ ಬಂದು ತೊಡಿಸಿದ್ದಳು. ಮಾವ ನೆತ್ತಿಗೆ ಕೆಂಡ ಬಿದ್ದವರಂತೆ ಅದನ್ನು ಕಿತ್ತು ತೊಡೆಯ ಮೇಲೆ ಅದುಮಿ ಹಿಡಿದುಕೊಂಡರು. ನೆಂಟರೆಲ್ಲ ನಕ್ಕರು. ಅಳಿಯ ನಗಲಿಲ್ಲ. ಅವನು ಕಾಯುತ್ತಿದ್ದದ್ದು ಇದಕ್ಕೇ.

ಅಳಿಯನದು ಕನ್ನಡಕದ ಅಂಗಡಿ. ಆರು ತಿಂಗಳಿಂದ ಹಳೆಯ ಸೈನ್ಯದ ಟೋಪಿ, ಬಿಲ್ಲೆ ಕೂಡಿಸುವ ಹುಚ್ಚು. ಹೊಸತರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ. ಇವನೂ ಜೇಬಿನಲ್ಲಿ ಭೂತಗನ್ನಡಿ, ಚಿಮಟ ಇಲ್ಲದೆ ಮದುವೆಮನೆಗೂ ಹೋಗುತ್ತಿರಲಿಲ್ಲ. 'ಕತೆ ನಂಬಬೇಡ, ಹೊಲಿಗೆ ನಂಬು.' ಸಂಗ್ರಹಕಾರರಿಗೆಂದು ಬರೆದ ಕೈಪಿಡಿಯೊಂದರ ಮೊದಲ ಪುಟದ ಈ ಮಾತು ಅವನಿಗೆ ಮಂತ್ರವಾಗಿತ್ತು. ಸಂಗ್ರಹದ ಬೀರುವಿಗೆ ನಾಲ್ಕಂಕಿಯ ಬೀಗ. ತೆರೆಯುವ ನಂಬರು ನಾಲ್ಕು, ಏಳು, ಒಂದು, ಒಂಬತ್ತು. ಯುದ್ಧದಲ್ಲಿ ಸತ್ತ ಅವನಪ್ಪನ ಸಿಪಾಯಿ ನಂಬರು ಅದು. ಅಕ್ಷರ ಕಲಿಸುವ ಮೊದಲೇ ಅಮ್ಮ ಅದನ್ನು ಬಾಯಿಪಾಠ ಮಾಡಿಸಿದ್ದಳು.

ಅಪ್ಪನ ಟೋಪಿ ಅಮ್ಮನ ಕೋಣೆಯ ಗೋಡೆಯ ಮೇಲಿತ್ತು. ಸಾವಿನ ಸುದ್ದಿಯ ಜೊತೆ ಅದನ್ನು ತಂದುಕೊಟ್ಟವರು ಮಾವನೇ. ಇಬ್ಬರೂ ಒಂದೇ ತುಕಡಿಯವರು. ಆಮೇಲೆ ತಿಂಗಳು ತಿಂಗಳೂ ಸೈನ್ಯದ ಪಿಂಚಣಿ ತಂದು ಅಮ್ಮನ ಕೈಗಿಟ್ಟವರೂ ಅವರೇ, ಕೊನೆಗೆ ತಮ್ಮ ಮಗಳನ್ನು ಕೊಟ್ಟವರೂ ಅವರೇ. ಆ ಟೋಪಿ ತೊಟ್ಟರೆ ಅಳಿಯನಿಗೆ ಈಗಲೂ ಕಿವಿ ಮುಚ್ಚುತ್ತಿತ್ತು. "ವೀರರ ತಲೆ ಕಣೋ, ದೊಡ್ಡದೇ ಇರುತ್ತೆ" ಎನ್ನುತ್ತಿದ್ದಳು ಅಮ್ಮ. ಅದಕ್ಕೆ ಭೂತಗನ್ನಡಿ ಹಿಡಿಯುವುದೆಂದರೆ ಹೆತ್ತವಳ ಹತ್ತಿರ ಮದುವೆಯ ಸಾಕ್ಷಿ ಕೇಳಿದ ಹಾಗೆ. ಅವನು ಹಿಡಿದಿರಲಿಲ್ಲ.

ಮಾವನ ಟೋಪಿಯ ಮಾತು ಬೇರೆ. ಸಂಗ್ರಹಕ್ಕೆ ಕೊಡಿ ಎಂದು ಕೇಳಿದಾಗ ಮಾವ ನಾಲ್ಕು ಜನರೆದುರು, "ಯಾರಿಗೆ ಬೇಕಾದ್ರೂ ಕೊಟ್ಟೇನು, ನಿಮ್ಮ ಕೈಗೆ ಮಾತ್ರ ಕೊಡೋದಿಲ್ಲ" ಎಂದಿದ್ದರು. ಆ ಅವಮಾನ ಅವನ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಮುಚ್ಚಿಡುವವನ ಮಾಲು ಖೋಟಾ ಎಂದೇ ಅವನ ತೀರ್ಮಾನ. ಇವತ್ತು ಮುದುಕನ ನೀರಿಳಿಸದಿದ್ದರೆ ಅವನಿಗೆ ಊಟ ಸೇರುವಂತಿರಲಿಲ್ಲ.

"ಕೊಡಿ ಮಾವ, ಒಂದ್ನಿಮಿಷ" ಎಂದವನೇ ಟೋಪಿಯನ್ನು ಎಳೆದುಕೊಂಡ. "ನಿಮ್ಮ ತಲೆಗಿಂತ ಎರಡು ಸೈಜು ಚಿಕ್ಕದು. ಇದು ನಿಮ್ಮದಲ್ಲ."

"ವಯಸ್ಸಾದ ಮೇಲೆ ತಲೆ ಊದಿದೆ, ಅಳಿಯಂದ್ರೆ." ಮಾವನ ನಗು ತುಟಿಯಿಂದ ಮುಂದೆ ಹೋಗಲಿಲ್ಲ.

ಅಳಿಯ ಟೋಪಿಯನ್ನು ದೀಪದ ಕೆಳಗೆ ಹಿಡಿದ. ಹಣೆಯ ಭಾಗದಲ್ಲಿ ಬಿಲ್ಲೆ ಇರಲಿಲ್ಲ. ಅದು ಇದ್ದ ಜಾಗದ ಬಟ್ಟೆ ಮಾತ್ರ ಮಾಸದೆ ಕಡುಹಸಿರಾಗಿ ಉಳಿದಿತ್ತು. ಅಲ್ಲಿನ ಎರಡು ತೂತುಗಳು ಹೊರಮುಖವಾಗಿ ಹರಿದಿದ್ದವು. ಕೈಪಿಡಿಯ ನಲವತ್ತನೆಯ ಪುಟ ಕಣ್ಣ ಮುಂದೆ ಬಂತು. ಎದೆ ಹಿಗ್ಗಿತು. ಖೋಟಾ ಅಲ್ಲ, ಅದಕ್ಕಿಂತ ಒಳ್ಳೆಯದೇ ಕೈಗೆ ಸಿಕ್ಕಿತ್ತು.

"ಪಿನ್ನು ಬಿಚ್ಚಿ ತೆಗೆದ ಬಿಲ್ಲೆ ಅಲ್ಲ ಇದು. ಕೈಹಾಕಿ ಕಿತ್ತದ್ದು. ಯಾರ ಟೋಪಿಯಿಂದ ಹೀಗೆ ಕೀಳ್ತಿದ್ರು ಗೊತ್ತಾ? ಜೊತೆಯವರನ್ನ ಸಾಯೋಕೆ ಬಿಟ್ಟು ಓಡಿಹೋದ ಹೇಡಿಗಳದ್ದು. ತುಕಡಿಯೆಲ್ಲ ನೋಡ್ತಿದ್ದ ಹಾಗೆ ಕಿತ್ತು, ಆಮೇಲೆ ಗೋಡೆಗೆ ನಿಲ್ಲಿಸಿ ಗುಂಡು ಹೊಡೀತಿದ್ರು."

ನೆಂಟರು ಟೋಪಿಯತ್ತ ಕತ್ತು ಚಾಚಿದರು. ಭಾವಮೈದುನ ಮಾತ್ರ, "ಅಂದ್ರೆ ಅಪ್ಪ ಇಷ್ಟು ವರ್ಷ ನಮಗೇ ಟೋಪಿ ಹಾಕಿದ್ರು ಅನ್ನಿ" ಎಂದು ಕಿಸಕ್ಕನೆ ನಕ್ಕ.

ಮಾವ ಕೈಮುಗಿದರು. "ಹೌದು, ಅದು ನಂದಲ್ಲ. ನಾನು ಸುಳ್ಳುಗಾರ, ಒಪ್ಕೊಂಡೆ. ಇಲ್ಲಿಗೆ ಬಿಟ್ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅಳಿಯನಿಗೆ ಜೀವಮಾನದಲ್ಲಿ ಇಷ್ಟು ಸುಖ ಆಗಿರಲಿಲ್ಲ.

"ಬಿಡೋದು ಹೇಗೆ ಮಾವ? ಒಳಪಟ್ಟಿ ಇನ್ನೂ ನೋಡಿಲ್ಲ. ತೊಟ್ಟವನ ನಂಬರು ಇರೋದೇ ಅಲ್ಲಿ." ಬೆವರು ಹೀರಲೆಂದು ಟೋಪಿಯ ಒಳಸುತ್ತಿಗೆ ಹೊಲಿದ ಚರ್ಮದ ಪಟ್ಟಿಯ ಅಂಚಿಗೆ ಅವನು ಚಿಮಟ ತೂರಿಸಿದ.

ಮಾವ ಎದ್ದು ಬಂದು ಅವನ ಮಣಿಕಟ್ಟು ಹಿಡಿದರು. ಅಳಿಯ ಕೊಡವಿದ. ಮಾವ ಕುರ್ಚಿಗೆ ಬಡಿದು ನೆಲಕ್ಕೆ ಕುಸಿದರು. "ರೀ, ಸಾಕು ಮಾಡ್ರೀ" ಎಂದು ಹೆಂಡತಿ ಅಳತೊಡಗಿದಳು.

ಆಗ ಮೂಲೆಯಲ್ಲಿ ಕೂತಿದ್ದ ಅವನಮ್ಮ ಬಾಯಿ ತೆರೆದಳು. ಊರಿಗೆಲ್ಲ ಕನ್ನಡಕ ಕೊಟ್ಟವನ ತಾಯಿಗೆ ಕಣ್ಣಿನ ಪೊರೆ ಬಂದು ಎರಡು ವರ್ಷ. ಮಗನಿಗೆ ಟೋಪಿಗಳಿಂದ ಬಿಡುವಾಗಿರಲಿಲ್ಲ. ಕಿವಿ ಮಾತ್ರ ಚುರುಕಾಗಿತ್ತು.

"ನಿಲ್ಲಿಸ್ಬೇಡ ಮಗನೆ. ನನ್ನ ಗಂಡನಂಥೋರು ಪ್ರಾಣ ಕೊಟ್ರು. ಇಂಥ ನಾಯಿಗಳಿಗೆ ಅಡಗೋಕೆ ಜಾಗ ಯಾಕೆ ಕೊಡ್ಬೇಕು? ಥೂ, ಅವನ ಹೆಂಡತಿ ಅದು ಹೇಗೆ ತಲೆಯೆತ್ತಿ ಬದುಕಿದಳೋ! ಜೋರಾಗಿ ಓದು. ಎಲ್ಲರೂ ಕೇಳ್ಲಿ."

ಪಟ್ಟಿ ಮಗುಚಿಕೊಂಡಿತು. ಶಾಯಿ ಮಾಸಿತ್ತು. ಅವನು ಭೂತಗನ್ನಡಿಯನ್ನು ಅಂಕಿಯಿಂದ ಅಂಕಿಗೆ ಸರಿಸುತ್ತ, ಅಮ್ಮನಿಗೆ ಕೇಳಿಸುವಷ್ಟು ಜೋರಾಗಿ ಓದತೊಡಗಿದ.

"ನಾಲ್ಕು. ಏಳು. ಒಂದು..."

ನಾಲ್ಕನೆಯ ಅಂಕಿಯನ್ನು ಅವನಮ್ಮನೇ ಹೇಳಿದಳು.